ಪಟ್ಟಿಯಲ್ಲಿಲ್ಲದ ಬೀದಿಗಳನ್ನು ನಡೆದು ನೋಡುವುದು ಹೇಗೆ?

ಯಾವ ನಗರಕ್ಕೆ ಹೋದರೂ ನೋಡಲೇಬೇಕಾದ ಜಾಗಗಳ ಪಟ್ಟಿಯೊಂದು ಸಿಗುತ್ತದೆ. ಅರಮನೆ, ಗೋಪುರ, ಮ್ಯೂಸಿಯಂ, ದೊಡ್ಡ ಚೌಕ. ಅವೆಲ್ಲ ಸೇರಿದರೂ ನಗರದ ಚಿಕ್ಕದೊಂದು ಮೂಲೆ ಅಷ್ಟೇ. ಉಳಿದದ್ದೆಲ್ಲ ಬೀದಿ. ಜನ ಮನೆ ಮಾಡಿಕೊಂಡಿರುವ, ಮಕ್ಕಳು ಶಾಲೆಗೆ ಓಡುವ, ಯಾರೋ ಏಣಿ ಹತ್ತಿ ಬಲ್ಬ್ ಬದಲಿಸುತ್ತಿರುವ ಬೀದಿ. ಅದಕ್ಕೆ ಟಿಕೆಟ್ ಇಲ್ಲ, ಗೈಡೂ ಇಲ್ಲ. ಹಾಗಾಗಿ ಅದನ್ನು ಹೇಗೆ ನೋಡಬೇಕು ಅಂತ ಹೇಳಿಕೊಡುವವರೂ ಕಡಿಮೆ.

ನೀವು ಹುಟ್ಟಿ ಬೆಳೆದ ಊರಾಗಲಿ, ಎರಡು ದಿನಕ್ಕೆ ಬಂದಿಳಿದ ಊರಾಗಲಿ, ನೋಡುವ ಬಗೆ ಒಂದೇ. ನನ್ನ ಮಟ್ಟಿಗೆ ಬೀದಿ ನೋಡುವುದರಲ್ಲಿ ನಡೆಯುವುದಕ್ಕಿಂತ ನಿಲ್ಲುವುದೇ ದೊಡ್ಡ ಕೆಲಸ. ಫೋನು ಎಷ್ಟು ಹೆಜ್ಜೆ ತೋರಿಸಿತು ಅನ್ನುವುದು ಮುಖ್ಯವಲ್ಲ. ಎಲ್ಲೆಲ್ಲಿ ನಿಂತಿರಿ, ನಿಂತಾಗ ಏನು ಕೇಳಿಕೊಂಡಿರಿ, ಅದು ಮುಖ್ಯ. ಕೆಳಗಿನ ಹಂತಗಳೆಲ್ಲ ಎಲ್ಲಿ ನಿಲ್ಲಬೇಕು, ಏನು ಕೇಳಬೇಕು ಅನ್ನುವುದರ ಸುತ್ತಲೇ ಇವೆ.

ಹಂತ 1: ಮನೆಯಲ್ಲೇ ಕೂತು ನಕ್ಷೆಯ ಗೆರೆಗಳನ್ನು ನೋಡಿ

ಹೊರಡುವ ಮುಂಚೆ ನಕ್ಷೆ ತೆರೆಯಿರಿ. ಬೀದಿಗಳ ಹೆಸರು ಸದ್ಯಕ್ಕೆ ಬೇಡ. ಗೆರೆಗಳನ್ನಷ್ಟೇ ನೋಡಿ. ಎಲ್ಲಿ ನೇರ ಇವೆ, ಎಲ್ಲಿ ಡೊಂಕು, ಎಲ್ಲಿ ಒಂದು ಬಗೆಯ ಬೀದಿಗಳು ಮುಗಿದು ಇನ್ನೊಂದು ಬಗೆ ಶುರುವಾಗುತ್ತದೆ?

ಚೌಕಚೌಕವಾಗಿ ನೇರ ಹೊಡೆದ ಬೀದಿಗಳಿದ್ದರೆ, ಯಾರೋ ಒಂದು ಕಾಲದಲ್ಲಿ ಕೂತು ಅಳೆದು ಹಾಕಿದ್ದಾರೆ ಅಂತ ತಿಳಿಯಿರಿ. ಡೊಂಕು ಬೀದಿಗಳು ಸಾಮಾನ್ಯವಾಗಿ ತಾವಾಗಿ ಬೆಳೆದವು. ಹಳೇ ಕಾಲುದಾರಿ, ಹೊಲದ ಬದು, ಹಳ್ಳದ ದಂಡೆ, ಹೀಗೆ ಯಾವುದೋ ಒಂದನ್ನು ಹಿಡಿದು ಹೋದವು. ಚೌಕಗಳ ನಡುವೆ ಒಂದೇ ಒಂದು ರಸ್ತೆ ಓರೆಯಾಗಿ ಸೀಳಿಕೊಂಡು ಹೋಗಿದೆಯಾ? ಆ ಓರೆ ರಸ್ತೆಯೇ ಎಲ್ಲಕ್ಕಿಂತ ಹಳೆಯದು ಇರಬಹುದು. ನ್ಯೂಯಾರ್ಕಿನ ಮ್ಯಾನ್‌ಹಟನ್‌ಗೆ ಚೌಕದ ನಕ್ಷೆ ಬಂದದ್ದು 1811ರಲ್ಲಿ. ಅದನ್ನು ಓರೆಯಾಗಿ ದಾಟುವ ಬ್ರಾಡ್‌ವೇ ಅದಕ್ಕೂ ಹಿಂದಿನ ದಾರಿ. ಅದರ ಒಂದಷ್ಟು ಭಾಗ ಅಲ್ಲಿನ ಮೂಲನಿವಾಸಿಗಳು ನಡೆದಾಡುತ್ತಿದ್ದ ದಾರಿಯ ಮೇಲೇ ಇದೆ.

ನಡುವಿನ ಹಳೇ ಊರನ್ನು ಅಗಲವಾದ ರಸ್ತೆ ಸುತ್ತು ಹಾಕಿದ್ದರೆ ಅಲ್ಲಿ ಹಿಂದೆ ಕೋಟೆ ಗೋಡೆಯೋ ಕಂದಕವೋ ಇತ್ತೇನೋ ಅಂತ ಅನುಮಾನ ಪಡಿ. ವಿಯೆನ್ನಾದ ರಿಂಗ್‌ಸ್ಟ್ರಾಸ ಹಾಗೇ ಹುಟ್ಟಿದ್ದು. 1857ರಲ್ಲಿ ಕೋಟೆ ಕೆಡವಲು ಅಪ್ಪಣೆಯಾಯಿತು, ಆ ಜಾಗದಲ್ಲಿ ರಸ್ತೆ ಬಂತು. ಇಟಲಿಯ ಲುಕ್ಕಾದಲ್ಲಿ ಮೊಟ್ಟೆಯಾಕಾರದ ಒಂದು ತೆರೆದ ಅಂಗಳವಿದೆ, ಸುತ್ತ ಮನೆಗಳು. ರೋಮನ್ನರ ಕಾಲದ ಬಯಲು ರಂಗಮಂದಿರದ ಗೋಡೆಗಳ ಮೇಲೆಯೇ ಆ ಮನೆಗಳು ಎದ್ದಿವೆ. ಲಂಡನ್ನಿನ ಫ್ಲೀಟ್ ನದಿ ಈಗ ಕಣ್ಣಿಗೆ ಕಾಣುವುದಿಲ್ಲ, ನೆಲದಡಿಯ ಕೊಳವೆಯಲ್ಲಿ ಹರಿಯುತ್ತಿದೆ. ಆದರೆ ಅದು ಕೊರೆದ ತಗ್ಗು ಹಾಗೇ ಇದೆ. ಫ್ಯಾರಿಂಗ್‌ಡನ್ ರಸ್ತೆ ಅದರ ಮೇಲೇ ಸಾಗುತ್ತದೆ, ಅಡ್ಡಬೀದಿಗಳು ಎರಡೂ ಕಡೆಯಿಂದ ಅಲ್ಲಿಗೆ ಇಳಿಯುತ್ತವೆ.

ನಿಮ್ಮ ನಕ್ಷೆಯಲ್ಲಿ ಇಂಥ ಒಂದು ಜಾಗ ಹುಡುಕಿ ಗುರುತು ಹಾಕಿಕೊಳ್ಳಿ. ಎರಡು ಬಗೆಯ ಬೀದಿಗಳು ಕೂಡುವ ಅಂಚು, ರೈಲು ಹಳಿಯ ಎರಡು ಬದಿ, ಏರು ಮುಗಿದು ಇಳಿಜಾರು ಶುರುವಾಗುವ ಕಡೆ. ಒಂದೇ ಥರದ ಬಡಾವಣೆಯ ನಟ್ಟನಡುವೆ ನಡೆಯುವುದಕ್ಕಿಂತ ಇಂಥ ಅಂಚಿನಲ್ಲಿ ನಡೆದರೆ ಕಣ್ಣಿಗೆ ಕೆಲಸ ಜಾಸ್ತಿ.

ಹಂತ 2: ಜಾಗ ಚಿಕ್ಕದಿರಲಿ

ಆರೋಗ್ಯವಂತರು ಆರಾಮಾಗಿ ನಡೆದರೆ ಗಂಟೆಗೆ 4ರಿಂದ 5 ಕಿಲೋಮೀಟರ್ ಹೋಗುತ್ತಾರೆ. ನಿಂತು ನೋಡುತ್ತ ಹೋದರೆ 2 ಕಿಲೋಮೀಟರ್ ಆಗುವುದೂ ಕಷ್ಟ. ಆ ಲೆಕ್ಕದಲ್ಲಿ ಎರಡು ಗಂಟೆಗೆ ಅರ್ಧ ಕಿಲೋಮೀಟರ್ ಉದ್ದ, ಅರ್ಧ ಕಿಲೋಮೀಟರ್ ಅಗಲದ ಜಾಗ ಧಾರಾಳವಾಯಿತು. ಅದರೊಳಗಿನ ಬೀದಿಗಳಲ್ಲೂ ಅರ್ಧದಷ್ಟೇ ಆದೀತು. ಆಗಲಿ ಬಿಡಿ. ಇಡೀ ಊರನ್ನು ಒಂದೇ ದಿನ ಮುಗಿಸಲು ಹೊರಟರೆ ಕಾಲು ನೋವು ಉಳಿಯುತ್ತದೆ, ಬೀದಿ ನೆನಪಿನಲ್ಲಿ ಉಳಿಯುವುದಿಲ್ಲ.

ಹಂತ 3: ಒಂದೇ ಒಂದು ಪ್ರಶ್ನೆ ಇಟ್ಟುಕೊಳ್ಳಿ

ಎಲ್ಲವನ್ನೂ ನೋಡುತ್ತೇನೆ ಅಂತ ಹೊರಟರೆ ಏನೂ ಕಣ್ಣಿಗೆ ಬೀಳುವುದಿಲ್ಲ. ಕಣ್ಣಿಗೆ ಒಂದು ಕೆಲಸ ಕೊಡಬೇಕು. ಒಂದು ನಡಿಗೆಗೆ ಒಂದು ಪ್ರಶ್ನೆ ಸಾಕು. ನಾನು ಮತ್ತೆ ಮತ್ತೆ ಬಳಸುವ ಕೆಲವು ಇವು.

ಮಳೆ ಬಂದರೆ ಈ ಬೀದಿಯ ನೀರು ಎಲ್ಲಿಗೆ ಹೋಗುತ್ತದೆ? ಚರಂಡಿ, ಇಳಿಜಾರು, ಗೋಡೆಯ ಬುಡದ ಹಸಿರು ಕಲೆ, ಎಲ್ಲವನ್ನೂ ಹಿಂಬಾಲಿಸಿ ಹೋಗಿ. ಊರಿನ ಏರುತಗ್ಗು ಎಲ್ಲಾ ಅರ್ಥವಾಗಿಬಿಡುತ್ತದೆ.

ದುಡ್ಡು ಕೊಡದೆ ಕೂರುವುದಕ್ಕೆ ಇಲ್ಲಿ ಎಲ್ಲೆಲ್ಲಿ ಜಾಗ ಇದೆ? ವಿಲಿಯಂ ವೈಟ್ ಎಂಬವರು 1970ರ ದಶಕದಲ್ಲಿ ನ್ಯೂಯಾರ್ಕಿನ ಚೌಕಗಳಲ್ಲಿ ಕ್ಯಾಮೆರಾ ಇಟ್ಟು ಜನರನ್ನು ಗಮನಿಸಿದರು. ಕೆಲವು ಚೌಕಗಳಲ್ಲಿ ಜನ ತುಂಬಿರುತ್ತಾರೆ, ಕೆಲವು ಖಾಲಿ ಹೊಡೆಯುತ್ತವೆ, ಯಾಕೆ ಅನ್ನುವುದು ಅವರ ಪ್ರಶ್ನೆ. ಸಿಕ್ಕ ಉತ್ತರಗಳಲ್ಲಿ ಮುಖ್ಯವಾದದ್ದು ತುಂಬಾ ಸರಳ. ಕೂರಲು ಜಾಗ ಇರುವ ಕಡೆ ಜನ ಕೂರುತ್ತಾರೆ. ಇಷ್ಟು ಸರಳ ಮಾತನ್ನೂ ನಿಂತು ನೋಡಿಯೇ ಸಾಬೀತು ಮಾಡಬೇಕಾಯಿತು. ನೀವೂ ನೋಡಿ. ಮೆಟ್ಟಿಲು, ಕಟ್ಟೆ, ಕಾಂಪೌಂಡಿನ ಅಂಚು ಕೂಡ ಕೂರುವ ಜಾಗವೇ. ಎಲ್ಲಿ ಯಾರೂ ಕೂರದಿರಲಿ ಅಂತ ಮೊಳೆ, ಕಂಬಿ ಹಾಕಿದ್ದಾರೆ ಅನ್ನುವುದನ್ನೂ ಗಮನಿಸಿ.

ನೂರು ಮೀಟರಿಗೆ ಎಷ್ಟು ಬಾಗಿಲು? ಇದು ಡೆನ್ಮಾರ್ಕಿನ ವಾಸ್ತುಶಿಲ್ಪಿ ಯಾನ್ ಗೇಲ್ ಅವರಿಂದ ಕಲಿತದ್ದು. ಅವರು 100 ಮೀಟರಿನಲ್ಲಿ 15ರಿಂದ 20 ಬಾಗಿಲುಗಳಿರುವ ಬೀದಿಯನ್ನು ಜೀವಂತ ಬೀದಿಯ ಸಾಲಿಗೆ ಸೇರಿಸುತ್ತಾರೆ. ಸುಮಾರು 130 ಹೆಜ್ಜೆಗೆ 100 ಮೀಟರ್ ಆಗುತ್ತದೆ, ನಿಮ್ಮ ಹೆಜ್ಜೆ ನೋಡಿಕೊಂಡು ಸ್ವಲ್ಪ ಹೆಚ್ಚುಕಡಿಮೆ ಮಾಡಿಕೊಳ್ಳಿ. ಒಂದು ಬೀದಿಯಲ್ಲಿ ಬಾಗಿಲು ಎಣಿಸಿ, ಪಕ್ಕದ ಬೀದಿಯಲ್ಲೂ ಎಣಿಸಿ. ಒಂದು ಬೀದಿ ಬೇಗ ಮುಗಿದಂತೆಯೂ ಇನ್ನೊಂದು ಮುಗಿಯದಂತೆಯೂ ಯಾಕೆ ಅನ್ನಿಸುತ್ತದೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಉದ್ದ ಅಷ್ಟೇ ಇರುತ್ತದೆ. ಆದರೆ ಬರೀ ಗೋಡೆಯ ಪಕ್ಕ ನಡೆಯುವುದು ಬೇಸರ, ಅಲ್ವಾ?

ಎಂಟು ವರ್ಷದ ಮಗು ಒಂಟಿಯಾಗಿ ಇಲ್ಲಿ ಎಲ್ಲಿವರೆಗೆ ಹೋಗಬಹುದು? ಗಾಲಿಕುರ್ಚಿಯವರು ಎಲ್ಲಿ ನಿಂತುಬಿಡಬೇಕಾಗುತ್ತದೆ? ಈ ಎರಡು ಪ್ರಶ್ನೆ ಹಿಡಿದು ನಡೆದ ಮೇಲೆ ಬೀದಿ ಮೊದಲಿನ ಹಾಗೆ ಕಾಣುವುದಿಲ್ಲ. ಅರ್ಧ ಅಡಿ ಎತ್ತರದ ಫುಟ್‌ಪಾತ್ ಅಂಚು ಕೂಡ ಗೋಡೆಯಾಗುತ್ತದೆ.

ಹಂತ 4: ಹೊತ್ತು, ಕಾಲು, ಚೀಲ

ಬೆಳಗ್ಗೆ ಬೀದಿ ಏಳುವ ಹೊತ್ತು ಒಳ್ಳೆಯದು. ಬಿಸಿಲು ಓರೆಯಾಗಿ ಬೀಳುವಾಗ ಗೋಡೆಯ ಮೇಲಿನ ಉಬ್ಬುತಗ್ಗು, ಮಾಸಿದ ಅಕ್ಷರ, ಮುಚ್ಚಿದ ಬಾಗಿಲಿನ ಗುರುತು ಎಲ್ಲ ಎದ್ದು ಕಾಣುತ್ತವೆ. ನಡು ಮಧ್ಯಾಹ್ನ ಅವೇ ಗೋಡೆಗಳು ಚಪ್ಪಟೆ.

ಹೊಸ ಶೂ ಬೇಡ. ಹಿಮ್ಮಡಿ ಉರಿಯಲು ಶುರುವಾದ ಕೂಡಲೇ ನಿಂತು ಟೇಪ್ ಹಚ್ಚಿ, ಬೊಬ್ಬೆ ಎದ್ದ ಮೇಲೆ ಹಚ್ಚಿ ಪ್ರಯೋಜನ ಕಡಿಮೆ. ನೀರು, ಚಿಕ್ಕ ಪುಸ್ತಕ, ಪೆನ್ಸಿಲ್ ಇರಲಿ. ಆ ಭಾಗದ ನಕ್ಷೆಯನ್ನು ಇಂಟರ್ನೆಟ್ ಇಲ್ಲದೆಯೂ ತೆರೆಯುವಂತೆ ಫೋನಿನಲ್ಲಿ ಮೊದಲೇ ಇಳಿಸಿಕೊಳ್ಳಿ. ಇಷ್ಟು ಸಾಕು.

ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ಎದುರಿನಿಂದ ಬರುವ ಗಾಡಿ ಕಾಣುವ ಬದಿಯಲ್ಲಿ ನಡೆಯಿರಿ. ಮೇಲೆ ನೋಡಬೇಕು ಅನ್ನಿಸಿದರೆ ಮೊದಲು ನಿಂತು, ಆಮೇಲೆ ತಲೆ ಎತ್ತಿ. ನಡೆಯುತ್ತಲೇ ತಲೆ ಎತ್ತಿದರೆ ಗುಂಡಿ ಕಾಣುವುದಿಲ್ಲ.

ಇನ್ನೊಂದು ಮಾತು. ಬೀದಿ ಎಲ್ಲರಿಗೂ ಒಂದೇ ಥರ ತೆರೆದಿರುವುದಿಲ್ಲ. ಗಂಡಸೊಬ್ಬ ಯೋಚನೆಯಿಲ್ಲದೆ ನುಗ್ಗುವ ಗಲ್ಲಿಯಲ್ಲಿ ಹೆಂಗಸೊಬ್ಬಳು ನೂರು ಸಲ ಯೋಚಿಸಬೇಕಾಗುತ್ತದೆ. ಹೊಸ ಜಾಗವಾದರೆ ಜೊತೆಗೊಬ್ಬರು ಇರಲಿ. ಬೇರೆ ಹೆಂಗಸರು, ಮಕ್ಕಳು, ವಯಸ್ಸಾದವರು ಓಡಾಡುತ್ತಿರುವ ಹೊತ್ತು ಆರಿಸಿಕೊಳ್ಳಿ. ಯಾಕೋ ಸರಿಯಿಲ್ಲ ಅಂತ ಮನಸ್ಸಿಗೆ ಬಂದರೆ ಕಾರಣ ಹುಡುಕುತ್ತ ನಿಲ್ಲದೆ ವಾಪಸ್ ಬನ್ನಿ. ಪ್ರಶ್ನೆ ನಾಳೆಗೂ ಇರುತ್ತದೆ.

ಹಂತ 5: ದಾರಿಯನ್ನು ಒಂದು ನಿಯಮಕ್ಕೆ ಬಿಡಿ

ನಮ್ಮ ಇಷ್ಟಕ್ಕೆ ಬಿಟ್ಟರೆ ಕಾಲು ಯಾವಾಗಲೂ ಚೆಂದದ, ಅಗಲದ, ನೆರಳಿನ ಬೀದಿಗೇ ಎಳೆಯುತ್ತದೆ. ಉಳಿದ ಬೀದಿಗಳು ಹಾಗೇ ಉಳಿದುಬಿಡುತ್ತವೆ. ಅದಕ್ಕೇ ಒಂದು ನಿಯಮ ಬೇಕು.

ಸುಲಭದ್ದು ಇದು: ಮೊದಲ ತಿರುವಿನಲ್ಲಿ ಎಡಕ್ಕೆ, ಮುಂದಿನದರಲ್ಲಿ ಬಲಕ್ಕೆ, ಮತ್ತೆ ಎಡಕ್ಕೆ, ಮತ್ತೆ ಬಲಕ್ಕೆ. ಚೌಕದ ಬೀದಿಗಳಲ್ಲಿ ಹೀಗೆ ಹೋದರೆ ಮೆಟ್ಟಿಲು ಇಳಿದಂತೆ ಓರೆಯಾಗಿ ಮುಂದೆ ಸಾಗುತ್ತೀರಿ, ಹೊರಟ ಜಾಗಕ್ಕೇ ಬಂದು ನಿಲ್ಲುವುದಿಲ್ಲ. ಬರೀ ಎಡಕ್ಕೇ ತಿರುಗುತ್ತಿದ್ದರೆ ಒಂದೇ ಬ್ಲಾಕ್ ಸುತ್ತುತ್ತಿರುತ್ತೀರಿ. ಡೊಂಕು ಬೀದಿಗಳಲ್ಲಿ ಇದೇ ನಿಯಮ ಎಲ್ಲಿಗೋ ಕರೆದುಕೊಂಡು ಹೋಗುತ್ತದೆ. ಅದೇ ಚೆನ್ನ.

ಒಂದು ಬಡಾವಣೆಯ ಎಲ್ಲಾ ಬೀದಿಗಳನ್ನೂ ಮುಗಿಸಬೇಕು ಅನ್ನುವ ಆಸೆಯೂ ಕೆಲವರಿಗೆ ಬರುತ್ತದೆ. ಒಳ್ಳೆಯ ಆಸೆ. ಅದಕ್ಕೆ ಗಣಿತದ ಸಹಾಯ ಇದೆ. ಕೋನಿಗ್ಸ್‌ಬರ್ಗ್ ಎಂಬ ಊರಿನಲ್ಲಿ ಏಳು ಸೇತುವೆಗಳಿದ್ದವು. ಒಂದು ಸೇತುವೆಯನ್ನೂ ಎರಡು ಸಲ ದಾಟದೆ ಏಳನ್ನೂ ದಾಟಿ ಬರಬಹುದಾ ಅನ್ನುವುದು ಅಲ್ಲಿನವರ ಪ್ರಶ್ನೆ. ಆಗಲ್ಲ ಅಂತ 1736ರ ಹೊತ್ತಿಗೆ ಗಣಿತಜ್ಞ ಆಯ್ಲರ್ ತೋರಿಸಿಕೊಟ್ಟರು. ಅವರ ಸೂತ್ರವನ್ನು ಬೀದಿಗೆ ಹೊಂದಿಸಿದರೆ ಹೀಗೆ: ಒಂದು ಕೂಡುವ ಜಾಗದಲ್ಲಿ ಎಷ್ಟು ಬೀದಿಗಳು ಸೇರುತ್ತವೆ ಎಣಿಸಿ. ನಾಲ್ಕು ಬೀದಿಯ ಸರ್ಕಲ್ ಸಮಸಂಖ್ಯೆ, ಮೂರು ದಾರಿ ಸೇರುವ ಜಾಗ ಬೆಸಸಂಖ್ಯೆ, ಮುಂದೆ ದಾರಿಯಿಲ್ಲದ ಗಲ್ಲಿಯ ಕೊನೆಯೂ ಬೆಸವೇ. ಬೆಸ ಜಾಗಗಳು ಎರಡಕ್ಕಿಂತ ಜಾಸ್ತಿ ಇದ್ದರೆ ಕೆಲವು ಬೀದಿಗಳನ್ನು ಎರಡು ಸಲ ನಡೆಯದೆ ಗತಿಯಿಲ್ಲ. ಹಾಗಿದ್ದಾಗ ಎಲ್ಲಕ್ಕಿಂತ ಕಡಿಮೆ ದೂರ ಹೇಗೆ ನಡೆಯುವುದು ಅನ್ನುವುದನ್ನು ಚೀನಾದ ಗಣಿತಜ್ಞ ಮೇ-ಕೋ ಕ್ವಾನ್ 1960ರಲ್ಲಿ ಲೆಕ್ಕ ಹಾಕಿದರು. ಗಣಿತದಲ್ಲಿ ಅದಕ್ಕೆ ಚೀನೀ ಪೋಸ್ಟ್‌ಮ್ಯಾನ್ ಸಮಸ್ಯೆ ಅಂತಲೇ ಹೆಸರು.

ನಮಗೆ ಇದರಲ್ಲಿ ಬಹಳ ಉಪಯೋಗಕ್ಕೆ ಬರುವ ವಿಷಯ ಒಂದಿದೆ. ಪ್ರತಿ ಬೀದಿಯನ್ನೂ ಎರಡು ಸಲ ನಡೆಯುವುದು ಅಂತ ಮೊದಲೇ ಇಟ್ಟುಕೊಂಡರೆ, ಒಮ್ಮೆ ಈ ಬದಿಯಲ್ಲಿ, ಒಮ್ಮೆ ಆ ಬದಿಯಲ್ಲಿ, ಆಗ ಎಲ್ಲ ಜಾಗಗಳೂ ಸಮಸಂಖ್ಯೆಯವಾಗುತ್ತವೆ. ಯಾವ ಬಡಾವಣೆಯಾದರೂ ಸರಿ, ಮೂರನೇ ಸಲ ಎಲ್ಲೂ ನಡೆಯದೆ ಹೊರಟ ಜಾಗಕ್ಕೆ ವಾಪಸ್ ಬರುವ ದಾರಿ ಖಂಡಿತ ಇರುತ್ತದೆ. ಎರಡೂ ಬದಿಯಿಂದ ನೋಡಿದಂತೆಯೂ ಆಯಿತು. ಎದುರು ಬದಿಯಿಂದ ನೋಡದೆ ಒಂದು ಕಟ್ಟಡ ಪೂರ್ತಿ ಕಾಣುವುದೇ ಇಲ್ಲ.

ಹಂತ 6: ನಿಲ್ಲಿ. ಮೊದಲು ನೆಲ ನೋಡಿ

ಎಲ್ಲರೂ ನೆಲ ಬಿಟ್ಟು ಉಳಿದದ್ದೆಲ್ಲ ನೋಡುತ್ತಾರೆ. ನನಗೆ ಮಾತ್ರ ಬೀದಿಯ ಕಥೆ ಜಾಸ್ತಿ ಸಿಗುವುದು ನೆಲದಲ್ಲೇ.

ಡಾಂಬರಿನ ಬಣ್ಣ ನೋಡಿ. ಉದ್ದಕ್ಕೂ ಒಂದೇ ಅಗಲದ ಪಟ್ಟಿ ಬೇರೆ ಬಣ್ಣದಲ್ಲಿ ಹೋಗಿದ್ದರೆ ಅದರಡಿಯಲ್ಲಿ ಪೈಪೋ ಕೇಬಲ್ಲೋ ಇದೆ. ಆ ಪಟ್ಟಿಯಿಂದ ಕೈ ಚಾಚಿದಂತೆ ಒಂದೊಂದು ತುಂಡು ಮನೆಗಳ ಕಡೆ ತಿರುಗಿದ್ದರೆ, ಆ ಮನೆಗಳಿಗೆ ಸಂಪರ್ಕ ಕೊಟ್ಟಿದ್ದಾರೆ. ನಡುವೆ ಚಿಕ್ಕ ಚೌಕದ ತೇಪೆ ಮಾತ್ರ ಇದ್ದರೆ ಯಾವತ್ತೋ ಸೋರಿದ್ದನ್ನು ರಿಪೇರಿ ಮಾಡಿರಬಹುದು. ಮ್ಯಾನ್‌ಹೋಲ್ ಮುಚ್ಚಳದ ಮೇಲಿನ ಅಕ್ಷರ ಓದಿ. ನೀರಿನದಾ, ಒಳಚರಂಡಿಯದಾ, ಟೆಲಿಫೋನಿನದಾ ಗೊತ್ತಾಗುತ್ತದೆ. ಕೆಲವು ಮುಚ್ಚಳಗಳ ಮೇಲೆ ಈಗ ಇಲ್ಲವೇ ಇಲ್ಲದ ಇಲಾಖೆಗಳ ಹೆಸರು ಉಳಿದಿರುತ್ತದೆ. ಮುಚ್ಚಳ ದುಂಡಗಿರುವುದಕ್ಕೂ ಕಾರಣ ಇದೆ: ಚೌಕದ ಮುಚ್ಚಳವನ್ನು ಓರೆ ಮಾಡಿದರೆ ಗುಂಡಿಯೊಳಗೆ ಬೀಳಬಹುದು, ದುಂಡನೆಯದು ಹೇಗೆ ಹಿಡಿದರೂ ಬೀಳುವುದಿಲ್ಲ.

ಫುಟ್‌ಪಾತ್ ಮೇಲೆ ಉಬ್ಬು ಗೆರೆಗಳ, ಉಬ್ಬು ಚುಕ್ಕಿಗಳ ಟೈಲ್ಸ್ ಕಂಡರೆ ನಿಲ್ಲಿ. ಕಣ್ಣು ಕಾಣದವರಿಗಾಗಿ ಜಪಾನಿನ ಸೇಯಿಚಿ ಮಿಯಾಕೆ 1965ರಲ್ಲಿ ಕಂಡುಹಿಡಿದದ್ದು ಅದು. 1967ರಲ್ಲಿ ಒಕಯಾಮಾ ಊರಿನಲ್ಲಿ ಮೊದಲು ಹಾಕಿದರು, ಆಮೇಲೆ ಪ್ರಪಂಚವೆಲ್ಲ ಹಬ್ಬಿತು. ಗೆರೆ ಅಂದರೆ ಮುಂದೆ ಹೋಗಿ, ಚುಕ್ಕಿ ಅಂದರೆ ನಿಲ್ಲಿ, ಹುಷಾರು. ಈಗ ಆ ಗೆರೆ ಹಿಡಿದು ಕೊನೆವರೆಗೆ ನಡೆದು ನೋಡಿ. ಸರಿಯಾಗಿ ರಸ್ತೆ ದಾಟುವ ಕಡೆಗೆ ಕರೆದೊಯ್ಯುತ್ತದಾ, ಅಥವಾ ಕಂಬಕ್ಕೆ ಹೋಗಿ ಡಿಕ್ಕಿ ಹೊಡೆಸುತ್ತದಾ? ಬೀದಿಯನ್ನು ಮಾಡಿಸಿದವರು ಎಷ್ಟು ಕಾಳಜಿಯಿಂದ ಮಾಡಿಸಿದ್ದಾರೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ.

ಹುಲ್ಲಿನ ಜಾಗವಿದ್ದರೆ ನಡುವೆ ಸವೆದ ಕಾಲುದಾರಿ ಇದೆಯಾ ನೋಡಿ. ಹಾಕಿಕೊಟ್ಟ ದಾರಿ ಬಿಟ್ಟು ಜನ ತಾವೇ ಮಾಡಿಕೊಂಡ ದಾರಿ ಅದು. ಅದರ ಎರಡೂ ತುದಿಗೆ ಹೋಗಿ ನಿಂತರೆ ಯಾರು ಎಲ್ಲಿಂದ ಎಲ್ಲಿಗೆ ಹೋಗುತ್ತಾರೆ ಅನ್ನುವುದು ತಿಳಿಯುತ್ತದೆ.

ಇನ್ನು ಹಳೇ ಮನೆಯೊಂದರ ಬಾಗಿಲ ಮುಂದೆ ಬನ್ನಿ. ಹೊಸ್ತಿಲು ರಸ್ತೆಗಿಂತ ಒಂದು ಗೇಣು ಕೆಳಗಿದೆ. ಮನೆ ಕುಸಿದಿಲ್ಲ, ರಸ್ತೆ ಮೇಲೆದ್ದಿದೆ. ಹಳೇ ಡಾಂಬರು ಕೆರೆದು ತೆಗೆಯದೆ ಅದರ ಮೇಲೇ ಹೊಸದು ಸುರಿದು ಸುರಿದು ಬೀದಿ ಏರುತ್ತಾ ಬಂದಿದೆ. ರಸ್ತೆಯ ಅಂಚು ಒಡೆದಿರುವ ಕಡೆ ಬಗ್ಗಿ ನೋಡಿದರೆ ಪದರಗಳು ಕಾಣುತ್ತವೆ. ಮೇಲೆ ಕಪ್ಪು, ಅದರ ಕೆಳಗೆ ಬೂದು, ಇನ್ನೂ ಕೆಳಗೆ ಜಲ್ಲಿ, ಅದೃಷ್ಟವಿದ್ದರೆ ಹಳೇ ಚಪ್ಪಡಿಯ ಅಂಚು. ಬಾಗಿಲ ಮುಂದೆ ಮಳೆನೀರು ತಡೆಯಲು ಮನೆಯವರು ಸಿಮೆಂಟಿನ ಚಿಕ್ಕ ದಂಡೆ ಕಟ್ಟಿದ್ದಾರೆ. ಅದರ ಮೇಲೆ ಇನ್ನೊಂದು ಪದರ ಸಿಮೆಂಟು ಕೂತಿದೆ, ಬಣ್ಣ ಬೇರೆ. ರಸ್ತೆ ಇನ್ನೊಮ್ಮೆ ಏರಿದಾಗ ದಂಡೆಯನ್ನೂ ಏರಿಸಿದ್ದಾರೆ. ಮೂರಡಿ ಜಾಗದಲ್ಲಿ ಒಂದು ಮನೆ ಮತ್ತು ಒಂದು ರಸ್ತೆ ವರ್ಷಗಟ್ಟಲೆ ನಡೆಸಿದ ಹಗ್ಗಜಗ್ಗಾಟ ಹಾಗೇ ಕೂತಿದೆ.

ಹಂತ 7: ಗೋಡೆ, ಆಮೇಲೆ ಮೇಲೆ

ಒಂದು ಕಟ್ಟಡ ಕೆಡವಿದ ಖಾಲಿ ಸೈಟು ಸಿಕ್ಕರೆ ಅದರ ಪಕ್ಕದ ಗೋಡೆಯ ಎದುರು ಹತ್ತು ನಿಮಿಷ ನಿಲ್ಲಿ. ಹೋದ ಕಟ್ಟಡದ ಅಚ್ಚು ಆ ಗೋಡೆಯ ಮೇಲೆ ಉಳಿದಿರುತ್ತದೆ. ಮೆಟ್ಟಿಲಿನ ಅಂಕುಡೊಂಕು ಗೆರೆ ಕೆಳಗಿಂದ ಮೇಲಕ್ಕೆ ಹೋಗಿರುತ್ತದೆ. ಒಂದೊಂದು ಕೋಣೆಗೆ ಒಂದೊಂದು ಬಣ್ಣ: ಒಂದು ಚೌಕ ನೀಲಿ, ಪಕ್ಕದ್ದು ತಿಳಿ ಹಸಿರು. ಬಿಳಿ ಟೈಲ್ಸ್ ಅಂಟಿಕೊಂಡಿರುವ ಕಡೆ ಬಚ್ಚಲೋ ಅಡುಗೆಮನೆಯೋ ಇತ್ತು. ಮಹಡಿಯ ತೊಲೆ ಕೂತಿದ್ದ ಗೂಡುಗಳು ಸಾಲಾಗಿ ಕಾಣುತ್ತವೆ. ಅವನ್ನು ಹಿಡಿದು ಎಷ್ಟು ಮಹಡಿ ಇತ್ತು, ಸೂರು ಎಷ್ಟು ಎತ್ತರ ಇತ್ತು ಹೇಳಬಹುದು. ಹೊಸ ಕಟ್ಟಡ ಮೇಲೆದ್ದ ದಿನ ಇದೆಲ್ಲ ಮುಚ್ಚಿಹೋಗುತ್ತದೆ. ಹಾಗಾಗಿ ಇಂಥ ಗೋಡೆ ಕಂಡರೆ ಅವತ್ತಿನ ಬಾಕಿ ಕಾರ್ಯಕ್ರಮ ಬಿಟ್ಟಾದರೂ ನೋಡಿ, ಫೋಟೋ ತೆಗೆದಿಡಿ.

ಇಟ್ಟಿಗೆ ತುಂಬಿ ಮುಚ್ಚಿದ ಕಿಟಕಿಗಳೂ ಮಾತಾಡುತ್ತವೆ. ಇಂಗ್ಲೆಂಡಿನಲ್ಲಿ 1696ರಿಂದ 1851ರವರೆಗೆ ಮನೆಯ ಕಿಟಕಿಗಳ ಲೆಕ್ಕದ ಮೇಲೆ ತೆರಿಗೆ ಇತ್ತು. ತೆರಿಗೆ ಉಳಿಸಲು ಜನ ಕಿಟಕಿ ಮುಚ್ಚಿದರು, ಗಾಳಿ ಬೆಳಕು ಕಳೆದುಕೊಂಡರು. ಆದರೆ ಮುಚ್ಚಿದ ಕಿಟಕಿ ಕಂಡಲ್ಲೆಲ್ಲ ತೆರಿಗೆಯ ಕಥೆ ಹೇಳಬೇಡಿ. ಎರಡು ಬದಿ ಸಮ ಕಾಣಲಿ ಅಂತ ಮೊದಲಿಂದಲೇ ಕಿಟಕಿಯಾಕಾರದ ಗೂಡು ಮಾತ್ರ ಕಟ್ಟಿದ್ದೂ ಉಂಟು. ಹತ್ತಿರ ಹೋಗಿ ಗಾರೆ ನೋಡಿ. ಒಳಗಿನ ಇಟ್ಟಿಗೆ, ಗಾರೆ ಸುತ್ತಲಿನದಕ್ಕಿಂತ ಬೇರೆ ಇದ್ದರೆ ಆಮೇಲೆ ಮುಚ್ಚಿದ್ದಿರಬೇಕು. ಎರಡೂ ಒಂದೇ ಆಗಿ, ಸಾಲು ಸಾಲು ಹೊಂದಿಕೊಂಡಿದ್ದರೆ ಅದು ಯಾವತ್ತೂ ತೆರೆದ ಕಿಟಕಿಯೇ ಅಲ್ಲದಿರಬಹುದು.

ಗೋಡೆಯ ಮೇಲೆ ನಕ್ಷತ್ರದ ಹಾಗೋ ಕತ್ತರಿಯ ಹಾಗೋ ಕಬ್ಬಿಣದ ತುಂಡು ಕಂಡರೆ ಅದು ಅಲಂಕಾರ ಅಂತ ದಾಟಿ ಹೋಗಬೇಡಿ. ಒಳಗೆ ಉದ್ದದ ಸರಳೊಂದು ಎದುರು ಗೋಡೆಯನ್ನೋ ಒಳಗಿನ ತೊಲೆಗಳನ್ನೋ ಹಿಡಿದಿದೆ, ಹೊರಗೆ ಕಾಣುವುದು ಅದರ ತುದಿ. ಗೋಡೆ ಹೊರಗೆ ಬಾಗದಂತೆ ಕಾಯುವುದು ಅದರ ಕೆಲಸ.

ಮನೆ ನಂಬರುಗಳನ್ನು ಓದುತ್ತಾ ಹೋಗಿ. ಪ್ಯಾರಿಸ್ ನಗರ 1805ರಲ್ಲಿ ಒಂದು ಬದಿಗೆ ಬೆಸ, ಇನ್ನೊಂದು ಬದಿಗೆ ಸಮಸಂಖ್ಯೆ ಕೊಟ್ಟಿತು. ಸೇನ್ ನದಿಗೆ ಅಡ್ಡಲಾಗಿರುವ ಬೀದಿಗಳಲ್ಲಿ ನದಿಯ ಕಡೆಯಿಂದ ಎಣಿಕೆ ಶುರು. ಅಲ್ಲಿ ನಂಬರು ಏರುತ್ತಿದೆ ಅಂದರೆ ನದಿಯಿಂದ ದೂರ ಹೋಗುತ್ತಿದ್ದೀರಿ ಅಂತ ಅರ್ಥ. ನಿಮ್ಮ ಬೀದಿಯ ಎಣಿಕೆ ಎಲ್ಲಿಂದ ಶುರುವಾಗಿದೆ ಹುಡುಕಿ. ನಡುವೆ ನಂಬರು ಹಾರಿದ್ದರೆ ಎರಡು ಮೂರು ಸೈಟು ಸೇರಿ ಒಂದಾಗಿರಬಹುದು. ಒಂದೇ ನಂಬರಿಗೆ ಬಾಲ ಸೇರಿದ್ದರೆ ಒಂದು ಸೈಟು ತುಂಡಾಗಿರಬಹುದು. ಅಣ್ಣತಮ್ಮಂದಿರು ಪಾಲಾದದ್ದು ಹೀಗೆ ಬೀದಿಯಲ್ಲೇ ಗೊತ್ತಾಗುವುದೂ ಇದೆ.

ಆಮೇಲೆ ಎದುರು ಬದಿಗೆ ದಾಟಿ, ನಿಂತು, ತಲೆ ಎತ್ತಿ. ಕೆಳಗಿನ ಅಂತಸ್ತು ಬಾಡಿಗೆದಾರರು ಬದಲಾದಂತೆಲ್ಲ ಬದಲಾಗುತ್ತದೆ. ಹೊಸ ಗಾಜು, ಹೊಸ ಬೋರ್ಡು, ಹೊಸ ಶಟರ್. ಮೇಲಿನ ಅಂತಸ್ತಿಗೆ ಯಾರೂ ಅಷ್ಟು ದುಡ್ಡು ಹಾಕುವುದಿಲ್ಲ. ಕಟ್ಟಿದ ವರ್ಷ, ಹಳೇ ಮಾಲೀಕರ ಹೆಸರು, ಮಾಸಿದ ಜಾಹೀರಾತು ಅಲ್ಲೇ ಉಳಿದಿರುತ್ತವೆ. ಆಮ್‌ಸ್ಟರ್‌ಡ್ಯಾಮಿನ ಹಳೇ ಮನೆಗಳ ನೆತ್ತಿಯಲ್ಲಿ ಒಂದು ತೊಲೆ, ಅದಕ್ಕೊಂದು ಕೊಕ್ಕೆ ಇರುತ್ತದೆ. ಮೆಟ್ಟಿಲು ಇಕ್ಕಟ್ಟಾದ್ದರಿಂದ ಮಂಚ ಬೀರುಗಳನ್ನು ಹಗ್ಗ ಕಟ್ಟಿ ಹೊರಗಿನಿಂದ ಎಳೆದುಕೊಳ್ಳುತ್ತಾರೆ. ತಲೆ ಎತ್ತದವರಿಗೆ ಇದು ಕಾಣುವುದೇ ಇಲ್ಲ.

ಮರದ ಕಾಂಡ, ಹಳೇ ಕಲ್ಲಿನ ಮೇಲೆ ಬೂದು-ಹಸಿರು ಬಣ್ಣದ ಹುರುಪೆಯಂಥ ಕಲ್ಲುಹೂವು ಇದೆಯಾ ಅಂತಲೂ ನೋಡಿ. 1866ರಲ್ಲೇ ವಿಲಿಯಂ ನೈಲಾಂಡರ್ ಎಂಬ ವಿಜ್ಞಾನಿ ಪ್ಯಾರಿಸ್ಸಿನ ಲಕ್ಸೆಂಬರ್ಗ್ ಉದ್ಯಾನದಲ್ಲಿ ಬಗೆಬಗೆಯ ಕಲ್ಲುಹೂವು ಕಂಡರು. ನಗರದ ಬೇರೆ ಕಡೆ ಅವು ಇರಲಿಲ್ಲ. ಗಾಳಿಯ ಕೊಳೆಗೂ ಇದಕ್ಕೂ ನಂಟಿದೆ ಅಂತ ಅವರು ಗುರುತಿಸಿದರು.

ಹಂತ 8: ಐದು ನಿಮಿಷ ಕಿವಿಗೆ ಕೊಡಿ

ಕೆನಡಾದ ಸಂಗೀತಗಾರ ಮರ್ರಿ ಶೇಫರ್ ಮತ್ತು ಅವರ ಜೊತೆಗಾರರು 1970ರ ದಶಕದಲ್ಲಿ ವ್ಯಾಂಕೂವರ್ ಊರಿನ ಸದ್ದುಗಳನ್ನು ದಾಖಲಿಸಿಟ್ಟರು. ನೀವು ಅಷ್ಟೆಲ್ಲ ಮಾಡಬೇಕಿಲ್ಲ. ಬೀದಿಯ ಮೂಲೆಯಲ್ಲಿ ನಿಂತು ಐದು ನಿಮಿಷ ಕೇಳಿ, ಕೇಳಿದ ಸದ್ದುಗಳನ್ನು ಬರೆಯಿರಿ. ಆಮೇಲೆ ಮೂಲೆ ತಿರುಗಿ ಅಡ್ಡಬೀದಿಯಲ್ಲಿ ಐವತ್ತು ಹೆಜ್ಜೆ ಒಳಗೆ ಹೋಗಿ ಮತ್ತೆ ಕೇಳಿ. ಯಾವ ಸದ್ದು ನಿಂತಿತು? ಅದು ನಿಂತ ಮೇಲೆ ಹೊಸದಾಗಿ ಏನು ಕೇಳಿಸಿತು? ಪಾತ್ರೆ ಸದ್ದು, ಹೊಲಿಗೆ ಯಂತ್ರ, ಯಾರೋ ಪಾಠ ಓದುವುದು. ದೊಡ್ಡ ರಸ್ತೆಯ ಗಲಾಟೆ ಎಷ್ಟನ್ನೆಲ್ಲ ಮುಚ್ಚಿಡುತ್ತದೆ ಅಂತ ಆಗ ಗೊತ್ತಾಗುತ್ತದೆ. ಇಯರ್‌ಫೋನ್ ಹಾಕಿಕೊಂಡು ನಡೆಯುವವರು ದಯವಿಟ್ಟು ಒಂದು ಸಲ ಇದನ್ನು ಮಾಡಿ ನೋಡಿ.

ಹಂತ 9: ಜನರ ಜೊತೆ ಹೇಗಿರಬೇಕು

ನಿಮಗೆ ಅದು ನೋಡುವ ಜಾಗ, ಅಲ್ಲಿಯವರಿಗೆ ಮನೆ. ಇದನ್ನು ಮರೆಯಬಾರದು. ತೆರೆದ ಕಿಟಕಿಯೊಳಗೆ ಇಣುಕಬೇಡಿ. ಮುಖ ಕಾಣುವ ಫೋಟೋ ಕೇಳದೆ ತೆಗೆಯಬೇಡಿ, ಮಕ್ಕಳದ್ದಂತೂ ದೊಡ್ಡವರನ್ನು ಕೇಳದೆ ಬೇಡವೇ ಬೇಡ. ಬಡವರ ಬೀದಿಯನ್ನು ತಮಾಷೆಯ ಹಾಗೆ ನೋಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅಲ್ಲಿನ ಹರಿದ ಬಟ್ಟೆ, ಒಡೆದ ಚಾವಣಿ ನಿಮ್ಮ ಫೋಟೋಗೆ ಬಂದ ಸಾಮಾನಲ್ಲ.

ಯಾರಾದರೂ "ಏನು ನೋಡ್ತಿದ್ದೀರಿ?" ಅಂದರೆ ಇದ್ದದ್ದು ಇದ್ದ ಹಾಗೆ ಹೇಳಿ. "ಈ ಕಿಟಕಿ ಯಾಕೆ ಮುಚ್ಚಿದ್ದಾರೆ ಅಂತ ನೋಡ್ತಿದ್ದೆ" ಅಂದರೆ ಮುಖದ ಮೇಲಿನ ಅನುಮಾನ ಬಹುಪಾಲು ಇಳಿಯುತ್ತದೆ, ಮಾತು ಶುರುವಾಗುತ್ತದೆ. ನೀವಾಗಿ ಕೇಳುವುದಾದರೆ ಅವರ ಬಗ್ಗೆ ಕೇಳಬೇಡಿ, ವಸ್ತುವಿನ ಬಗ್ಗೆ ಕೇಳಿ. ಈ ಮರ ಯಾವಾಗಿಂದ ಇದೆ? ಇಲ್ಲಿ ಮೊದಲು ಏನಿತ್ತು? ಮಳೆಗಾಲದಲ್ಲಿ ನೀರು ಎಲ್ಲಿವರೆಗೆ ಬರುತ್ತದೆ? ವಯಸ್ಸಾದವರು ಇಂಥ ಪ್ರಶ್ನೆಗೆ ಸಂತೋಷದಿಂದ ಉತ್ತರ ಕೊಡುತ್ತಾರೆ.

ನಡೆದು, ಬಾಗಿಲು ತಟ್ಟಿ, ಕೇಳಿ ತಿಳಿದುಕೊಳ್ಳುವುದರ ಬೆಲೆ ಏನು ಅನ್ನುವುದಕ್ಕೆ 1854ರ ಲಂಡನ್ ನೆನಪಿಸಿಕೊಳ್ಳಿ. ಬ್ರಾಡ್ ಸ್ಟ್ರೀಟ್ ಸುತ್ತ ಕಾಲರಾದಿಂದ ಜನ ಸಾಯುತ್ತಿದ್ದರು. ಕೆಟ್ಟ ಗಾಳಿಯಿಂದ ರೋಗ ಬರುತ್ತದೆ ಅಂತ ಬಹಳ ಜನ ನಂಬಿದ್ದ ಕಾಲ ಅದು. ಜಾನ್ ಸ್ನೋ ಎಂಬ ವೈದ್ಯರು ಸತ್ತವರ ಮನೆಗಳ ಕಡೆ ನಡೆದರು, ನೀರು ಎಲ್ಲಿಂದ ತರುತ್ತಿದ್ದಿರಿ ಅಂತ ವಿಚಾರಿಸಿದರು. ಸಾವುಗಳು ಒಂದು ನೀರಿನ ಪಂಪಿನ ಸುತ್ತ ಗುಂಪಾಗಿದ್ದವು. ಅವರ ಮಾತಿನ ಮೇಲೆ ಸೆಪ್ಟೆಂಬರ್ 8ರಂದು ಆ ಪಂಪಿನ ಹಿಡಿ ತೆಗೆಸಿದರು. ಅವರು ಆಮೇಲೆ ಮಾಡಿದ ನಕ್ಷೆ ಇವತ್ತಿಗೂ ವೈದ್ಯಕೀಯ ಪಾಠಗಳಲ್ಲಿ ಬರುತ್ತದೆ.

ಹಂತ 10: ಮನೆಗೆ ಬಂದು, ನಕ್ಷೆ ನೋಡದೆ ನಕ್ಷೆ ಬರೆಯಿರಿ

ಅವತ್ತೇ ಬರೆಯಿರಿ, ಬೆಳಗಾದರೆ ಅರ್ಧ ಮರೆತಿರುತ್ತದೆ. ಖಾಲಿ ಹಾಳೆಯಲ್ಲಿ ನಡೆದ ಬೀದಿಗಳನ್ನು ನೆನಪಿನಿಂದಲೇ ಗೀಚಿ. ಚೆಂದ ಬರಬೇಕಿಲ್ಲ. ಅಮೆರಿಕದ ನಗರ ಯೋಜನಾ ತಜ್ಞ ಕೆವಿನ್ ಲಿಂಚ್ ಬಾಸ್ಟನ್, ಜೆರ್ಸಿ ಸಿಟಿ, ಲಾಸ್ ಏಂಜಲಿಸ್ ಊರುಗಳ ಜನರಿಂದ ಹೀಗೇ ನಕ್ಷೆ ಬರೆಸಿದರು. 1960ರಲ್ಲಿ ಅವರು ಹೇಳಿದ್ದು, ಜನರ ತಲೆಯೊಳಗಿನ ಊರಿನಲ್ಲಿ ಐದು ಸಂಗತಿಗಳಿರುತ್ತವೆ ಅಂತ: ದಾರಿ, ಅಂಚು, ಬಡಾವಣೆ, ಕೂಡುವ ಜಾಗ, ಗುರುತು. ನಿಮ್ಮ ಹಾಳೆಯಲ್ಲಿ ಇವು ಐದೂ ಇವೆಯಾ ನೋಡಿ. ಯಾವುದು ಬಂದಿಲ್ಲವೋ ಮುಂದಿನ ಸಲ ಅದರ ಕಡೆ ಗಮನ ಕೊಡಿ.

ಆಮೇಲೆ ಅಸಲಿ ನಕ್ಷೆ ತೆರೆದು ಪಕ್ಕದಲ್ಲಿಡಿ. ಎಲ್ಲಿ ಉದ್ದ ಮಾಡಿದ್ದೀರಿ, ಎಲ್ಲಿ ಒಂದು ಬೀದಿಯನ್ನೇ ನುಂಗಿಬಿಟ್ಟಿದ್ದೀರಿ? ನುಂಗಿದ ಬೀದಿಯೇ ಮುಂದಿನ ನಡಿಗೆಯ ಜಾಗ. ಬೇಸರ ಬಂದು ಬೇಗ ದಾಟಿದ ಬೀದಿ ಅದಾಗಿರುವ ಸಾಧ್ಯತೆ ಜಾಸ್ತಿ.

ಹಂತ 11: ಅದೇ ಬೀದಿಗೆ ಮತ್ತೆ ಹೋಗಿ

ಹೊಸ ಬೀದಿಗಿಂತ ಹಳೇ ಬೀದಿ ಎರಡನೇ ಸಲ ಜಾಸ್ತಿ ಕೊಡುತ್ತದೆ. ಹೊತ್ತು ಬದಲಿಸಿ, ರಜೆಯ ದಿನ ಹೋಗಿ, ಮಳೆ ನಿಂತ ಕೂಡಲೇ ಹೋಗಿ. ನೀರು ಎಲ್ಲಿ ನಿಲ್ಲುತ್ತದೆ ಅಂತ ಅಂದಾಜು ಮಾಡಿದ್ದಿರಲ್ಲ, ಸರಿಯಾಗಿತ್ತಾ ನೋಡಿ.

ಗುಂಪಿನಲ್ಲಿ ನಡೆಯುವ ಆಸೆ ಇದ್ದರೆ ಜೇನ್ಸ್ ವಾಕ್ ಅನ್ನುವುದಿದೆ. ಬೀದಿಯನ್ನು ಕಾಯುವುದು ಅಲ್ಲಿ ಓಡಾಡುವ, ಕಿಟಕಿಯಿಂದ ನೋಡುವ ಸಾಮಾನ್ಯ ಜನರ ಕಣ್ಣುಗಳೇ ಅಂತ 1961ರಲ್ಲಿ ವಾದಿಸಿದ ಜೇನ್ ಜೇಕಬ್ಸ್ ನೆನಪಿಗೆ, 2007ರಲ್ಲಿ ಟೊರಾಂಟೊದಲ್ಲಿ ಶುರುವಾಯಿತು. ಈಗ ಹಲವು ದೇಶಗಳಲ್ಲಿ ಮೇ ತಿಂಗಳ ಮೊದಲ ವಾರಾಂತ್ಯದ ಸುಮಾರಿಗೆ ಸ್ಥಳೀಯರೇ ತಮ್ಮ ಬೀದಿ ತೋರಿಸಲು ಹೊರಡುತ್ತಾರೆ. ದುಡ್ಡು ಕೇಳುವುದಿಲ್ಲ. ನಿಮ್ಮ ಊರಿನಲ್ಲಿ ಇಲ್ಲದಿದ್ದರೆ ನಾಲ್ಕು ಜನ ಸೇರಿ ನೀವೇ ಶುರು ಮಾಡಬಹುದು.

ನೋಡಿದ್ದು ಬೇರೆಯವರಿಗೂ ಉಪಯೋಗವಾಗಲಿ ಅನ್ನಿಸಿದರೆ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಸೇರಿಸಿ. 2004ರಲ್ಲಿ ಶುರುವಾದ ಈ ನಕ್ಷೆಯನ್ನು ಯಾರು ಬೇಕಾದರೂ ತಿದ್ದಬಹುದು. ದೊಡ್ಡ ರಸ್ತೆಗಳು ಅದರಲ್ಲಿ ಆಗಲೇ ಇರುತ್ತವೆ. ಇಲ್ಲದಿರುವುದು ನೀವು ನಡೆದು ನೋಡಿದ ಚಿಕ್ಕಪುಟ್ಟದ್ದೇ: ಎರಡು ಬೀದಿ ಸೇರಿಸುವ ಮೆಟ್ಟಿಲು, ಕೂರುವ ಬೆಂಚು, ಕುಡಿಯುವ ನೀರಿನ ನಲ್ಲಿ, ಗಾಲಿಕುರ್ಚಿ ಹತ್ತುವ ಇಳಿಜಾರು. ಖಾತೆ ತೆರೆದು, ಆ ಜಾಗ ಹುಡುಕಿ, ಒಂದೊಂದೇ ಸೇರಿಸುತ್ತಾ ಬನ್ನಿ. ಬೇರೆ ಕಂಪನಿಗಳ ನಕ್ಷೆ ನೋಡಿ ನಕಲು ಮಾಡುವಂತಿಲ್ಲ. ಕಣ್ಣಾರೆ ಕಂಡದ್ದನ್ನೇ ಹಾಕಿ. ಮೆಟ್ಟಿಲು ಎಷ್ಟು, ಕಂಬಿ ಎಡಕ್ಕಾ ಬಲಕ್ಕಾ ಅಂತ ನೆನಪಾಗದಿದ್ದರೆ ಹಾಗೇ ಬಿಟ್ಟು, ಮುಂದಿನ ಸಲ ಹೋದಾಗ ನಿಂತು ಎಣಿಸಿಕೊಂಡು ಬನ್ನಿ.